ವಿಭಾಗದ ಸರ್ವರಿನಲ್ಲಿ ಪುಟ ನೋಡಿಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಾಸರಗೋಡಿನ ಕಡೆ ಕಾಲೇಜು, ಯೂನಿವರ್ಸಿಟಿ ವಿಭಾಗಗಳಲ್ಲಿ ವೆಬ್‌ಸೈಟ್ ಕೆಲಸ ಕೊನೆಗೆ ಯಾರ ತಲೆಗೆ ಬೀಳ್ತದೆ ಅಂತ ಎಲ್ಲರಿಗೂ ಗೊತ್ತುಂಟು. ಸ್ವಲ್ಪ ಕಂಪ್ಯೂಟರ್ ಬರುವ ಒಬ್ಬ ಗೆಸ್ಟ್ ಲೆಕ್ಚರರ್, ಇಲ್ಲದಿದ್ರೆ ಪಿಎಚ್‌ಡಿ ಮಾಡ್ತಾ ಇರುವ ಒಬ್ಬ ಹುಡುಗ ಅಥವಾ ಹುಡುಗಿ. ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಸರ್ವರ್ ಲಿನಕ್ಸಿನದ್ದು, ಅದರಲ್ಲಿ ಪುಟಗಳನ್ನು ಬ್ರೌಸರಿಗೆ ಕಳಿಸುವ ಅಪಾಚೆ ಎಂಬ ವೆಬ್ ಸರ್ವರ್ ಓಡ್ತಾ ಉಂಟು ಅಂತ ಇಟ್ಟುಕೊಂಡು ಬರೆದದ್ದು. ಹೆಚ್ಚಿನ ಕಡೆ ಹಾಗೇ ಇರ್ತದೆ.

ಪುಟ ತಿದ್ದುವ ಅಕೌಂಟ್ ಎಲ್ಲಿಂದ ಸಿಗ್ತದೆ?

ವಿಭಾಗದ ಮುಖ್ಯಸ್ಥರಿಂದ ಒಂದು ಕಾಗದ ಅಥವಾ ಅವರ ಆಫೀಸಿನ ಮೇಲ್ ಐಡಿಯಿಂದ ಒಂದು ಮೇಲ್ ಕಂಪ್ಯೂಟರ್ ಸೆಂಟರಿಗೆ ಹೋಗಬೇಕು. ಅದರಲ್ಲಿ ನಿಮ್ಮ ಹೆಸರು, ಯಾವ ಫೋಲ್ಡರಿಗೆ ಪರ್ಮಿಷನ್ ಬೇಕು, ಯಾವ ದಿನದವರೆಗೆ ಬೇಕು ಇಷ್ಟೂ ಇರಲಿ. ಕೊನೆಯದ್ದನ್ನು ಎಲ್ಲರೂ ಬಿಡ್ತಾರೆ. ಹಾಗಾಗಿಯೇ ಕೋರ್ಸ್ ಮುಗಿಸಿ ಎಲ್ಲೋ ಕೆಲಸಕ್ಕೆ ಹೋದವರ ಅಕೌಂಟ್ ಕೂಡ ಸರ್ವರಿನಲ್ಲಿ ಹಾಗೇ ತೆರೆದು ಬಿದ್ದಿರ್ತದೆ.

ವಿಭಾಗಕ್ಕೆ ಒಂದೇ ಅಕೌಂಟ್ ಇಟ್ಟು ಎಲ್ಲರೂ ಬಳಸಿದ್ರೆ ಸುಲಭ ಅಲ್ವಾ?

ಬೇಡ. ಆ ಪಾಸ್‌ವರ್ಡ್ ಮೊದಲು ವಾಟ್ಸಾಪ್ ಗ್ರೂಪಿಗೆ ಬರ್ತದೆ, ಆಮೇಲೆ ಆಫೀಸಿನ ಗೋಡೆಯ ಕ್ಯಾಲೆಂಡರ್ ಮೇಲೆ ಪೆನ್ನಿನಲ್ಲಿ ಬರೆದಿರ್ತದೆ. ಒಂದು ಪುಟ ಕಾಣೆಯಾದ್ರೆ ಯಾರು ತೆಗೆದದ್ದು ಅಂತ ಸರ್ವರಿನ ಲಾಗ್ ನೋಡಿದ್ರೂ ಗೊತ್ತಾಗುದಿಲ್ಲ, ಎಲ್ಲ ಒಂದೇ ಹೆಸರಿನಲ್ಲಿ ಇರ್ತದಲ್ವಾ, ಮತ್ತೆ ಸುಮ್ಮನೆ ಒಬ್ಬರಿಗೊಬ್ಬರು ಸಂಶಯ ಪಡುದು. ಒಬ್ಬೊಬ್ಬರಿಗೆ ಒಂದೊಂದು ಅಕೌಂಟ್ ಮಾಡಿ, ಎಲ್ಲರನ್ನೂ ಒಂದು ಗ್ರೂಪಿಗೆ ಸೇರಿಸಿ, ಆ ಗ್ರೂಪಿಗೆ ಫೋಲ್ಡರಿನ ಪರ್ಮಿಷನ್ ಕೊಡಿ ಅಂತ ಸರ್ವರ್ ನೋಡಿಕೊಳ್ಳುವ ಅಡ್ಮಿನ್ ಹತ್ರ ಹೇಳಿ. ಲಿನಕ್ಸಿನಲ್ಲಿ ಇದು ಐದು ನಿಮಿಷದ ಕೆಲಸ.

ಮನೆಯಲ್ಲಿ ಕೂತು ತಿದ್ದಬಹುದಾ?

ಆಗ್ತದೆ. ಆದ್ರೆ ಫೈಲ್ ಕಳಿಸುದಕ್ಕೆ ಎಸ್‌ಎಫ್‌ಟಿಪಿ ಬಳಸಿ, ಹಳೇ ಎಫ್‌ಟಿಪಿ ಬೇಡ. ಎಫ್‌ಟಿಪಿ 21ನೇ ಪೋರ್ಟಿನಲ್ಲಿ ನಿಮ್ಮ ಯೂಸರ್‌ನೇಮ್, ಪಾಸ್‌ವರ್ಡ್ ಎರಡನ್ನೂ ಮುಚ್ಚುಮರೆ ಇಲ್ಲದೆ ಕಳಿಸ್ತದೆ, ಬಸ್‌ಸ್ಟ್ಯಾಂಡಿನ ಫ್ರೀ ವೈಫೈಯಲ್ಲಿ ಕೂತವರೂ ಮನಸ್ಸು ಮಾಡಿದ್ರೆ ಓದಬಹುದು. ಎಸ್‌ಎಫ್‌ಟಿಪಿ ಹೋಗುದು ಎಸ್‌ಎಸ್‌ಎಚ್ ಎಂಬ ಭದ್ರ ಸಂಪರ್ಕದ ಒಳಗಿಂದ, 22ನೇ ಪೋರ್ಟಿನಲ್ಲಿ, ಪೂರ್ತಿ ಎನ್‌ಕ್ರಿಪ್ಟ್ ಆಗಿ. ವಿಂಡೋಸಿನಲ್ಲಿ ವಿನ್‌ಎಸ್‌ಸಿಪಿ ಅಥವಾ ಫೈಲ್‌ಜಿಲ್ಲಾ ಹಾಕಿಕೊಳ್ಳಿ, ಎರಡೂ ದುಡ್ಡು ಕೊಡದೆ ಸಿಗ್ತದೆ. ಕೆಲವು ಕಡೆ ಕ್ಯಾಂಪಸ್ಸಿನ ಹೊರಗಿಂದ 22 ಬಂದ್ ಮಾಡಿರ್ತಾರೆ, ಆಗ ಮೊದಲು ವಿಪಿಎನ್ (ಹೊರಗಿಂದ ಕ್ಯಾಂಪಸ್ಸಿನ ನೆಟ್ ಒಳಗೆ ಹೋಗುವ ದಾರಿ) ಹಾಕಿ ಆಮೇಲೆ ಕನೆಕ್ಟ್ ಮಾಡಬೇಕು.

ಫೈಲ್ ಎಲ್ಲಿ ಹಾಕುದು?

ನಿಮ್ಮ ಹೋಮ್ ಫೋಲ್ಡರಿನ ಒಳಗೆ ಪಬ್ಲಿಕ್ ಅಂಡರ್‌ಸ್ಕೋರ್ ಎಚ್‌ಟಿಎಂಎಲ್ ಅಂತ ಒಂದು ಫೋಲ್ಡರ್ ಇರ್ತದೆ. ಅದರೊಳಗೆ ಹಾಕಿದ್ದು ಮಾತ್ರ ಲೋಕಕ್ಕೆ ಕಾಣ್ತದೆ, ಹೊರಗೆ ಇಟ್ಟದ್ದು ಕಾಣುದಿಲ್ಲ. ಮೊದಲ ಪುಟಕ್ಕೆ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಅಂತಲೇ ಹೆಸರು ಕೊಡಬೇಕು. ಅದು ಇಲ್ಲದಿದ್ರೆ ಕೆಲವು ಸರ್ವರ್‌ಗಳು ಫೋಲ್ಡರಿನಲ್ಲಿ ಇರುವ ಅಷ್ಟೂ ಫೈಲುಗಳ ಪಟ್ಟಿಯನ್ನೇ ತೋರಿಸಿಬಿಡ್ತವೆ, ನೀವು ಇನ್ನೂ ಹೊರಗೆ ಬಿಡದ ರ‍್ಯಾಂಕ್ ಲಿಸ್ಟ್ ಸಮೇತ.

ಫೈಲ್ ಹಾಕಿದ್ದೇನೆ, 403 ಅಂತ ಬರ್ತದೆ. ಎಂತ ಮಾಡುದು?

ಫೈಲ್ ಅಲ್ಲೇ ಉಂಟು, ಆದ್ರೆ ಓದುವ ಪರ್ಮಿಷನ್ ವೆಬ್ ಸರ್ವರಿಗೆ ಇಲ್ಲ ಅಂತ ಅರ್ಥ. ಫೈಲಿಗೆ 644, ಫೋಲ್ಡರಿಗೆ 755 ಕೊಡಿ. ಬರೇ ನಂಬರ್ ಬಾಯಿಪಾಠ ಮಾಡುದಕ್ಕಿಂತ ಲೆಕ್ಕ ಗೊತ್ತಿದ್ರೆ ಒಳ್ಳೇದು: ಓದುದಕ್ಕೆ 4, ಬರೆಯುದಕ್ಕೆ 2, ಓಡಿಸುದಕ್ಕೆ 1. ಮೊದಲ ಅಂಕೆ ಮಾಲೀಕರದ್ದು, ಎರಡನೇದು ಗ್ರೂಪಿನದ್ದು, ಮೂರನೇದು ಉಳಿದ ಎಲ್ಲರದ್ದು. 644 ಅಂದ್ರೆ ನಿಮಗೆ ಓದುದು ಬರೆಯುದು ಎರಡೂ ಸೇರಿ 6, ಮತ್ತೆಲ್ಲರಿಗೆ ಬರೇ ಓದುದು. ಫೋಲ್ಡರಿನ ವಿಷಯದಲ್ಲಿ ಆ 1 ಅಂದ್ರೆ ಒಳಗೆ ಹೋಗುವ ಅನುಮತಿ, ಹಾಗಾಗಿ ಫೋಲ್ಡರಿಗೆ 644 ಕೊಟ್ರೆ ಒಳಗಿರುವ ಫೈಲ್ ಎಷ್ಟು ಸರಿ ಇದ್ರೂ 403 ಬರ್ತಾನೇ ಇರ್ತದೆ. ವಿನ್‌ಎಸ್‌ಸಿಪಿಯಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದ್ರೆ ಈ ನಂಬರ್ ಅಲ್ಲೇ ಉಂಟು. ಮೇಲಿನ ಒಂದು ಫೋಲ್ಡರಿಗೆ ಪರ್ಮಿಷನ್ ಇಲ್ಲದಿದ್ರೂ ಕೆಳಗಿನದ್ದು ಕಾಣುದಿಲ್ಲ, ಅದನ್ನೂ ನೋಡಿ.

ಯಾರೋ 777 ಕೊಡಿ, ಎಲ್ಲ ಸರಿಯಾಗ್ತದೆ ಅಂತ ಹೇಳ್ತಾರೆ. ಕೊಡ್ಬೇಡಿ. ಆ ಸರ್ವರಿನಲ್ಲಿ ಅಕೌಂಟ್ ಇರುವ ಯಾರು ಬೇಕಾದ್ರೂ ನಿಮ್ಮ ಪುಟ ತಿದ್ದಬಹುದು ಅಂತ ಬಾಗಿಲು ತೆಗೆದಿಟ್ಟ ಹಾಗೆ ಅದು.

ನನ್ನ ಕಂಪ್ಯೂಟರಿನಲ್ಲಿ ಲಿಂಕ್ ಸರಿ ಇತ್ತು, ಸರ್ವರಿಗೆ ಹಾಕಿದ ಮೇಲೆ 404, ಅಂದ್ರೆ ಪುಟ ಸಿಗ್ಲಿಲ್ಲ ಅಂತ ಬರ್ತದೆ?

ನೂರಕ್ಕೆ ತೊಂಬತ್ತು ಪಾಲು ಫೈಲಿನ ಹೆಸರಿನದ್ದೇ ಸಮಸ್ಯೆ. ವಿಂಡೋಸಿಗೆ ದೊಡ್ಡ ಎ, ಸಣ್ಣ ಎ ಎರಡೂ ಒಂದೇ, ಲಿನಕ್ಸಿಗೆ ಬೇರೆ ಬೇರೆ. ಕ್ಯಾಮೆರಾದಿಂದ ಬಂದ ಫೋಟೋದ ಕೊನೆಗೆ ಜೆಪಿಜಿ ಅಂತ ದೊಡ್ಡಕ್ಷರದಲ್ಲಿ ಇರ್ತದೆ, ನೀವು ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದಿರ್ತೀರಿ, ಅಷ್ಟು ಸಾಕು ಕೈಕೊಡ್ಲಿಕ್ಕೆ. ಎಲ್ಲ ಸಣ್ಣ ಇಂಗ್ಲಿಷ್ ಅಕ್ಷರ, ಅಂಕೆ, ನಡುವೆ ಹೈಫನ್, ಇಷ್ಟರಲ್ಲೇ ಮುಗಿಸಿ. ಸ್ಪೇಸ್ ಬೇಡ.

ಫೈಲಿಗೆ ಕನ್ನಡದಲ್ಲೇ ಹೆಸರು ಇಡಬಹುದಾ ಅಂತಲೂ ಕೇಳ್ತಾರೆ. ಇಡಬಹುದು, ತೆರೀತದೆ ಕೂಡ. ಆದ್ರೆ ಆ ಲಿಂಕನ್ನು ಕಾಪಿ ಮಾಡಿ ಮೇಲಿಗೆ ಹಾಕಿ ನೋಡಿ, ಒಂದೊಂದು ಕನ್ನಡ ಅಕ್ಷರ ಚಿಹ್ನೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಕ್ರಮ) 3 ಬೈಟ್, ಒಂದು ಬೈಟಿಗೆ ಪರ್ಸೆಂಟ್ ಗುರುತು ಸೇರಿ 3 ಕ್ಯಾರೆಕ್ಟರ್, ಒಟ್ಟು 9. ಸುತ್ತೋಲೆ ಅಂತ ಒಂದು ಪದಕ್ಕೆ ಕಾಗುಣಿತ, ಒತ್ತು ಎಲ್ಲ ಸೇರಿ 8 ಚಿಹ್ನೆ, ಹಾಗಾದ್ರೆ 72 ಕ್ಯಾರೆಕ್ಟರಿನ ಲಿಂಕ್ ಆಯ್ತು. ಪೇಪರಿನಲ್ಲಿ ಪ್ರಿಂಟ್ ಮಾಡಿ ಯಾರಿಗಾದ್ರೂ ಕೊಟ್ರೆ ಟೈಪ್ ಮಾಡ್ಲಿಕ್ಕೆ ಸಾಧ್ಯವೇ ಇಲ್ಲ. ಪುಟದ ತಲೆಬರಹ, ಒಳಗಿನ ವಿಷಯ ಎಲ್ಲ ಕನ್ನಡದಲ್ಲಿ ಇರಲಿ, ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇದ್ರೆ ಎಲ್ಲರಿಗೂ ಅನುಕೂಲ.

ಕನ್ನಡದಲ್ಲಿ ಟೈಪ್ ಮಾಡಿ ಹಾಕಿದ್ದು ಪುಟದಲ್ಲಿ ಏನೇನೋ ಚಿತ್ರವಿಚಿತ್ರ ಕಾಣ್ತದೆ!

ಇದು ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ, ಸ್ವಲ್ಪ ಉದ್ದಕ್ಕೆ ಹೇಳ್ತೇನೆ. ಮೊದಲು ಏನು ಕಾಣ್ತದೆ ಅಂತ ಸರಿಯಾಗಿ ನೋಡಿ, ಯಾಕಂದ್ರೆ ರೋಗ ಒಂದಲ್ಲ, ಮೂರು ಬೇರೆ ಬೇರೆ.

ಕನ್ನಡ ಅಂತ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಓರೆಗೆರೆ ಇರುವ ಎ, ಬ್ರಿಟಿಷ್ ಪೌಂಡಿನ ಗುರುತು ಹೀಗೆ ಕಾಣ್ತಾ ಉಂಟಾ? ಹಾಗಾದ್ರೆ ಅದು ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಮಾಡಿದ್ದು, ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಬರಹದ ಹಳೇದರದ್ದೂ ಹೆಚ್ಚು ಕಡಿಮೆ ಇದೇ ಕಥೆ. ಆ ಕಾಲದಲ್ಲಿ ಕನ್ನಡಕ್ಕೆ ಪ್ರತ್ಯೇಕ ಕೋಡ್ ಬಳಸದೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ರು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣ್ತದೆ, ಒಳಗೆ ಇರುದು ಕನ್ನಡ ಅಲ್ಲವೇ ಅಲ್ಲ. ಪ್ರಿಂಟ್ ತೆಗೆಯುವ ಕಾಲಕ್ಕೆ ಅದು ದೊಡ್ಡ ಉಪಕಾರ ಮಾಡಿದೆ, ಎಷ್ಟು ಪಾಠಪುಸ್ತಕ, ಎಷ್ಟು ಸ್ಮರಣ ಸಂಚಿಕೆ ಅದರಲ್ಲೇ ಬಂದಿದೆ. ವೆಬ್ಬಿಗೆ ಮಾತ್ರ ಅದು ಆಗುದಿಲ್ಲ. ಕನ್ವರ್ಟರಿನಲ್ಲಿ ಹಾಕಿ ಯೂನಿಕೋಡಿಗೆ, ಅಂದ್ರೆ ಒಂದೊಂದು ಲಿಪಿಯ ಅಕ್ಷರಕ್ಕೂ ಅದರದ್ದೇ ಕೋಡ್ ಇರುವ ಪದ್ಧತಿಗೆ, ಬದಲಿಸಿ. ಹೊಸ ನುಡಿಯಲ್ಲಿ, ಬರಹದಲ್ಲಿ ಯೂನಿಕೋಡ್ ಆಯ್ಕೆ ಉಂಟು, ಇನ್ನು ಮುಂದೆ ಟೈಪ್ ಮಾಡುದು ಅದರಲ್ಲೇ ಮಾಡಿ, ಕೀಲಿಮಣೆ ನಿಮಗೆ ಅಭ್ಯಾಸ ಇರುವುದೇ ಇರ್ತದೆ, ಹೊಸತಾಗಿ ಕಲಿಯುದಕ್ಕೆ ಏನೂ ಇಲ್ಲ.

ಕನ್ವರ್ಟ್ ಆಯ್ತು ಅಂತ ಹಾಗೇ ಹಾಕಿಬಿಡ್ಬೇಡಿ, ಒಮ್ಮೆ ಕಣ್ಣಿಟ್ಟು ಓದಿ. ಅರ್ಕಾವತ್ತು ಜಾಗ ತಪ್ಪಿರ್ತದೆ, ನಡುವೆ ಇದ್ದ ಇಂಗ್ಲಿಷ್ ಪದ, ಮೇಲ್ ಐಡಿ ಎಲ್ಲ ಕನ್ನಡದ ಚೂರುಗಳಾಗಿ ಬದಲಾಗಿರ್ತದೆ. ಮುಖ್ಯವಾಗಿ ಹೆಸರುಗಳನ್ನು ನೋಡಿ. ಒಂದು ಮಗುವಿನ ಹೆಸರು ಅಡ್ಮಿಷನ್ ಲಿಸ್ಟಿನಲ್ಲಿ ತಪ್ಪಾಗಿ ಬಂದ್ರೆ ಅದು ಟಿಸಿವರೆಗೂ ಹೋಗಿ ತೊಂದರೆ ಕೊಡ್ತದೆ.

ಎರಡನೇದು: ತಲೆ ಮೇಲೆ ಗೆರೆ ಇರುವ ಸಣ್ಣ ಎ, ಅದರ ಹಿಂದೆ ಏರಿಸಿ ಬರೆದ ಪುಟ್ಟ 2 ಅಥವಾ 3, ಇದೇ ಜೋಡಿ ಸಾಲುಸಾಲಾಗಿ ಬರ್ತದೆ. ಇದು ಒಳ್ಳೇ ಸುದ್ದಿ. ನಿಮ್ಮ ಫೈಲಿನಲ್ಲಿ ಇರುದು ಸರಿಯಾದ ಯೂನಿಕೋಡ್ ಕನ್ನಡವೇ, ಬ್ರೌಸರಿಗೆ ಮಾತ್ರ ಅದು ಗೊತ್ತಾಗ್ಲಿಲ್ಲ. ಪುಟದ ಹೆಡ್ ಭಾಗದ ಮೊದಲಿಗೇ ಮೆಟಾ ಕ್ಯಾರ್‌ಸೆಟ್ ಯುಟಿಎಫ್-8 ಅಂತ ಹಾಕಿ, ಸರಿಯಾಗ್ತದೆ. ಹಾಕಿಯೂ ಸರಿಯಾಗದಿದ್ರೆ ಸರ್ವರ್ ಬೇರೆ ಕ್ಯಾರ್‌ಸೆಟ್ (ಅಕ್ಷರ ಓದುವ ಕ್ರಮ) ಹೇಳ್ತಾ ಉಂಟು ಅಂತ ಅರ್ಥ, ಅಡ್ಮಿನ್ ಹತ್ರ ಕೇಳಿ, ಇಲ್ಲದಿದ್ರೆ ಫೋಲ್ಡರಿನ ಅಪಾಚೆ ಸೆಟ್ಟಿಂಗ್ ಬರೆಯುವ ಡಾಟ್ ಎಚ್‌ಟಿಆಕ್ಸೆಸ್ ಫೈಲಿನಲ್ಲಿ ಆಡ್ ಡಿಫಾಲ್ಟ್ ಕ್ಯಾರ್‌ಸೆಟ್ ಯುಟಿಎಫ್-8 ಅಂತ ಒಂದು ಸಾಲು ಸೇರಿಸಿ.

ಮೂರನೇದು: ಬರೇ ಪ್ರಶ್ನಾರ್ಥಕ ಚಿಹ್ನೆ. ಇದು ಬೇಜಾರಿನ ವಿಷಯ. ಡೇಟಾಬೇಸಿನ ಟೇಬಲ್ ಕನ್ನಡ ಹಿಡಿಸದ ಹಳೇ ಕ್ಯಾರ್‌ಸೆಟ್ಟಿನಲ್ಲಿ ಇತ್ತು, ಸೇವ್ ಮಾಡುವಾಗ ಅಕ್ಷರ ಹೋಗಿ ನಿಜವಾಗಿಯೂ ಪ್ರಶ್ನಾರ್ಥಕ ಚಿಹ್ನೆಯೇ ಒಳಗೆ ಕೂತಿದೆ. ಯಾವ ಸೆಟ್ಟಿಂಗ್ ಬದಲಿಸಿದ್ರೂ ಹೋದದ್ದು ವಾಪಸ್ ಬರುದಿಲ್ಲ. ಟೇಬಲನ್ನು ಎಲ್ಲ ಲಿಪಿಯೂ ಹಿಡಿಸುವ ಯುಟಿಎಫ್8ಎಂಬಿ4 ಎಂಬ ಕ್ರಮಕ್ಕೆ ಬದಲಿಸಿ ಮತ್ತೆ ಟೈಪ್ ಮಾಡಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ಹೊಸ ಸೈಟ್ ಶುರು ಮಾಡುವಾಗಲೇ ನಾಲ್ಕು ಸಾಲು ಕನ್ನಡ, ನಾಲ್ಕು ಸಾಲು ಮಲಯಾಳ ಹಾಕಿ ಸೇವ್ ಮಾಡಿ ತೆಗೆದು ನೋಡಿ.

ಯೂನಿಕೋಡ್ ಇಲ್ಲದಿದ್ರೆ ಎಂತ ನಷ್ಟ, ನೋಡ್ಲಿಕ್ಕೆ ಕನ್ನಡವೇ ಕಾಣ್ತದಲ್ಲ?

ಹುಡುಕಿದ್ರೆ ಸಿಗುದಿಲ್ಲ. ಗೂಗಲಿನಲ್ಲಿ ಒಬ್ಬರು ಕಾಸರಗೋಡು ಯಕ್ಷಗಾನ ಪಾರ್ತಿಸುಬ್ಬ ಅಂತ ಹುಡುಕ್ತಾರೆ, ನಿಮ್ಮ ವಿಭಾಗದವರು ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಬಗ್ಗೆ ಒಳ್ಳೇ ಲೇಖನ ಹಾಕಿರ್ತಾರೆ, ಆದ್ರೆ ಅದು ನುಡಿಯಲ್ಲೋ ಸ್ಕ್ಯಾನ್ ಮಾಡಿದ ಚಿತ್ರದಲ್ಲೋ ಇದ್ರೆ ಗೂಗಲಿಗೆ ಅಲ್ಲಿ ಪಾರ್ತಿಸುಬ್ಬ ಇದ್ದಾನೆ ಅಂತಲೇ ಗೊತ್ತಾಗುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಗಳ ಫೋನ್ ಗಟ್ಟಿಯಾಗಿ ಓದಿ ಹೇಳುದು ಯೂನಿಕೋಡ್ ಇದ್ರೆ ಮಾತ್ರ. ಬೇರೆ ಭಾಷೆಗೆ ಅನುವಾದ ಮಾಡಿ ನೋಡ್ಲಿಕ್ಕೂ ಆಗುದಿಲ್ಲ. ಇಷ್ಟು ಕಷ್ಟಪಟ್ಟು ಬರೆದದ್ದು ಇದ್ದೂ ಇಲ್ಲದ ಹಾಗೆ ಆಗ್ಬಾರ್ದು.

ಒತ್ತಕ್ಷರದ ಕೆಳಗಿನ ಭಾಗ ಕಟ್ ಆಗ್ತದೆ

ಸಾಲಿನ ಎತ್ತರ ಇಂಗ್ಲಿಷಿಗೆ ಲೆಕ್ಕ ಹಾಕಿ ಇಟ್ಟದ್ದು. ಪುಟದ ಅಂದಚಂದ ಹೇಳುವ ಸಿಎಸ್‌ಎಸ್‌ನಲ್ಲಿ ಲೈನ್ ಹೈಟ್ 1.6ರಿಂದ 1.8 ಇಡಿ. ಅಕ್ಷರದ ನಡುವೆ ಜಾಗ ಬಿಡಿಸುವ ಲೆಟರ್ ಸ್ಪೇಸಿಂಗ್ ಕನ್ನಡಕ್ಕೆ ಬೇಡ. ಫಾಂಟ್ ಯಾವುದು ಅಂತ ಗೊತ್ತಾಗದಿದ್ರೆ ನೋಟೋ ಸ್ಯಾನ್ಸ್ ಕನ್ನಡ ಹಾಕಿ, ಮಲಯಾಳಕ್ಕೂ ಅದರದ್ದೇ ಜೊತೆಯದ್ದು ಉಂಟು, ಎರಡೂ ಒಂದೇ ಪುಟದಲ್ಲಿ ಚಂದ ಕೂರ್ತದೆ.

ಕನ್ನಡ, ಮಲಯಾಳ, ಇಂಗ್ಲಿಷ್, ಮೂರರಲ್ಲೂ ಹಾಕಬೇಕಾ? ಕೆಲಸ ಮೂರು ಪಟ್ಟು ಆಗ್ತದೆ

ಎಲ್ಲವನ್ನೂ ಬೇಡ. ಅಡ್ಮಿಷನ್, ಫೀಸು, ಸ್ಕಾಲರ್‌ಶಿಪ್, ಪರೀಕ್ಷೆ, ಇಂಟರ್‌ವ್ಯೂ, ಇಷ್ಟು ಮಾತ್ರ ಮೂರರಲ್ಲೂ ಇರ್ಲೇಬೇಕು ಅಂತ ನನ್ನ ಅಭಿಪ್ರಾಯ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿ ಇದ್ದೇವೆ, ಆದ್ರೂ ಮಂಜೇಶ್ವರ, ಪೈವಳಿಕೆ, ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಕಡೆಯಿಂದ ಬರುವ ಎಷ್ಟೋ ಮಕ್ಕಳು ಇವತ್ತಿಗೂ ಕನ್ನಡ ಮೀಡಿಯಂನಲ್ಲೇ ಓದಿ ಬರುದು. ಅವರ ಅಪ್ಪ ಅಮ್ಮನಿಗೆ ಮಲಯಾಳ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರುದಿಲ್ಲ. ಸ್ಕಾಲರ್‌ಶಿಪ್ಪಿನ ಕೊನೇ ತಾರೀಕು ಮಲಯಾಳದ ಸುತ್ತೋಲೆಯಲ್ಲಿ ಮಾತ್ರ ಇದ್ರೆ ಅವರಿಗೆ ಹೇಳುವವರು ಯಾರು?

ಒಂದು ನಿಯಮ ಇಟ್ಟುಕೊಳ್ಳಿ, ತಾರೀಕು ಬದಲಾದ್ರೆ ಮೂರು ಪುಟವನ್ನೂ ಒಟ್ಟಿಗೆ ತಿದ್ದಬೇಕು, ಒಂದನ್ನು ತಿದ್ದಿ ಉಳಿದದ್ದು ನಾಳೆ ನೋಡುವ ಅಂತ ಬಿಡ್ಲಿಕ್ಕಿಲ್ಲ. ಇಂಟರ್‌ವ್ಯೂ ಮುಂದೆ ಹೋಗಿದೆ ಅಂತ ಮಲಯಾಳ ಪುಟದಲ್ಲಿ ಬಂದು ಕನ್ನಡದ್ದು ಹಳೇ ತಾರೀಕಿನಲ್ಲೇ ನಿಂತ್ರೆ, ಪೆರ್ಲದ ಕಡೆಯ ಒಂದು ಹುಡುಗಿ ಮಳೆಗೆ ಬೆಳಿಗ್ಗೆ ಬಸ್ ಹತ್ತಿ ಸರ್ಟಿಫಿಕೇಟಿನ ಫೈಲ್ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬಂದು ವಿಭಾಗದ ಬೀಗ ನೋಡಿ ವಾಪಸ್ ಹೋಗಬೇಕಾಗ್ತದೆ, ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಬಂದ ಅಪ್ಪನೂ. ಮೂರೂ ಪುಟಕ್ಕೆ ತಾರೀಕನ್ನು ಒಂದೇ ಫೈಲಿನಿಂದ ಬರುವ ಹಾಗೆ ಮಾಡಿದ್ರೆ ಇನ್ನೂ ಒಳ್ಳೇದು, ಸರ್ವರ್ ಸೈಡ್ ಇನ್‌ಕ್ಲೂಡ್ ಅಥವಾ ಪಿಎಚ್‌ಪಿಯಲ್ಲಿ ಒಂದು ಸಾಲಿನ ಕೆಲಸ.

ಗೂಗಲ್ ಟ್ರಾನ್ಸ್‌ಲೇಟ್ ಮಾಡಿದ್ದನ್ನು ಹಾಗೇ ಹಾಕ್ಬೇಡಿ. ವಿಭಾಗದಲ್ಲೇ ಎರಡೂ ಭಾಷೆ ಚೆನ್ನಾಗಿ ಬರುವವರು ಇದ್ದೇ ಇರ್ತಾರೆ, ನಮ್ಮ ಊರಿನಲ್ಲಿ ಅದಕ್ಕೆ ಬರ ಇಲ್ಲ.

ಪುಟದ ಮೇಲಿನ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಲ್ಯಾಂಗ್ ಅಂತ ಒಂದು ಜಾಗ ಉಂಟು. ಕನ್ನಡಕ್ಕೆ ಕೆಎನ್, ಮಲಯಾಳಕ್ಕೆ ಎಂಎಲ್, ಇಂಗ್ಲಿಷಿಗೆ ಇಎನ್ ಹಾಕಿ. ಗಟ್ಟಿಯಾಗಿ ಓದುವ ಸಾಫ್ಟ್‌ವೇರ್ ಯಾವ ಭಾಷೆಯ ಧ್ವನಿಯಲ್ಲಿ ಓದಬೇಕು ಅಂತ ತೀರ್ಮಾನ ಮಾಡುದು ಇದನ್ನು ನೋಡಿಯೇ. ತುಳು ಪಾಡ್ದನದ ಪುಟ ಮಾಡ್ತೀರಿ ಅಂತಾದ್ರೆ ತುಳುವಿಗೂ ಕೋಡ್ ಉಂಟು, ಟಿಸಿವೈ. ಕನ್ನಡ ಲಿಪಿಯಲ್ಲಿ ಬರೆದ್ರೂ ಭಾಷೆ ತುಳುವೇ ಅಲ್ವಾ. ತುಳು-ತಿಗಳಾರಿ ಲಿಪಿ ಕೂಡ 2024ರಲ್ಲಿ ಯೂನಿಕೋಡ್ 16ನೇ ಆವೃತ್ತಿಗೆ ಸೇರಿದೆ, ಆದ್ರೆ ಎಲ್ಲರ ಫೋನಿನಲ್ಲಿ ಅದರ ಫಾಂಟ್ ಇರುದಿಲ್ಲ, ಸದ್ಯಕ್ಕೆ ಕನ್ನಡ ಲಿಪಿಯಲ್ಲಿಯೂ ಕೊಡಿ.

ನೋಟಿಸನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿದ್ರೆ ಸಾಲ್ದಾ? ಸೀಲು, ಸಹಿ ಇರ್ಬೇಕು ಅಂತ ಹೇಳ್ತಾರೆ

ಸೀಲು ಸಹಿ ಇರುವ ಪಿಡಿಎಫ್ ಹಾಕಿ, ಬೇಡ ಅಂತ ಹೇಳುದಿಲ್ಲ. ಅದರ ಮೇಲೆ ನಾಲ್ಕು ಸಾಲಿನಲ್ಲಿ ವಿಷಯ ಬರೀರಿ: ಎಂತದ್ದು, ಯಾರಿಗೆ, ಯಾವ ದಿನ ಎಷ್ಟು ಗಂಟೆಗೆ, ಎಲ್ಲಿ, ಏನೇನು ತರಬೇಕು. ನೋಡುವವರಲ್ಲಿ ಹೆಚ್ಚಿನವರು ಫೋನಿನಲ್ಲಿ ನೋಡುದು, ಗುಡ್ಡದ ಆಚೆ ಒಂದು ಗೀಟು ನೆಟ್‌ವರ್ಕಿನಲ್ಲಿ 8 ಎಂಬಿಯ ಸ್ಕ್ಯಾನ್ ಇಳಿಯುದೇ ಇಲ್ಲ. ತಾರೀಕನ್ನು 03/06 ಅಂತ ಬರೀಬೇಡಿ, ಜೂನ್ 3, ಬುಧವಾರ ಅಂತ ವಾರ ಸಮೇತ ಬರೀರಿ, ವಾರ ತಾಳೆ ಆಗದಿದ್ರೆ ತಪ್ಪು ಅಲ್ಲೇ ಸಿಕ್ಕಿಬೀಳ್ತದೆ. ಪುಟದ ಕೆಳಗೆ ಕೊನೆಗೆ ತಿದ್ದಿದ ದಿನ ಇರಲಿ. ಹೊಸತು ಅಂತ ಮಿನುಗುವ ಚಿತ್ರ ಹಾಕುವ ಅಭ್ಯಾಸ ಬಿಟ್ಟುಬಿಡಿ, ಅದನ್ನು ತೆಗೆಯುವವರು ಯಾರೂ ಇರುದಿಲ್ಲ.

ಫೋಟೋ ಹಾಕುವಾಗ?

ಫೋನಿನ ಫೋಟೋ 4000 ಪಿಕ್ಸೆಲ್ ಅಗಲ, 4-5 ಎಂಬಿ ಇರ್ತದೆ. 1200 ಪಿಕ್ಸೆಲಿಗೆ ಇಳಿಸಿ, 150-200 ಕೆಬಿ ಒಳಗೆ ಬರ್ತದೆ, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುದಿಲ್ಲ. ಪುಟದಲ್ಲಿ ಅಗಲ ಕಡಿಮೆ ಮಾಡಿ ತೋರಿಸಿದ್ರೆ ಫೈಲ್ ಸಣ್ಣದಾಗುದಿಲ್ಲ, ಫೈಲನ್ನೇ ಸಣ್ಣ ಮಾಡಬೇಕು. ಫೋಟೋದ ಒಳಗೆ ತೆಗೆದ ಜಾಗದ ಜಿಪಿಎಸ್ ಕೂಡ ಕೂತಿರ್ತದೆ, ಹಾಸ್ಟೆಲಿನಲ್ಲೋ ವಿದ್ಯಾರ್ಥಿಯ ಮನೆಯಲ್ಲೋ ತೆಗೆದದ್ದಾದ್ರೆ ಅದನ್ನು ತೆಗೆದು ಹಾಕಿ. ಆಲ್ಟ್ ಅಂತ ಒಂದು ಜಾಗ ಇರ್ತದೆ ಅಲ್ವಾ, ಅಲ್ಲಿ ಚಿತ್ರದಲ್ಲಿ ಏನಿದೆ ಅಂತ ಒಂದು ಸಾಲು ಕನ್ನಡದಲ್ಲಿ ಬರೀರಿ. ಕಣ್ಣು ಕಾಣದವರಿಗೆ ಆ ಸಾಲೇ ಚಿತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದ ಮೇಲೆ ಇದು ಮಾಡಿದ್ರೂ ಆಯ್ತು ಬಿಟ್ರೂ ಆಯ್ತು ಅನ್ನುವ ವಿಷಯ ಅಲ್ಲ.

ವರ್ಡಿನಿಂದ ಕಾಪಿ ಪೇಸ್ಟ್ ಮಾಡಿದ್ರೆ ಪುಟ ಎಲ್ಲ ಅಸ್ತವ್ಯಸ್ತ?

ವರ್ಡ್ ತನ್ನ ಫಾಂಟು, ಬಣ್ಣ, ಅಂಚು ಎಲ್ಲವನ್ನೂ ಕಟ್ಟಿಕೊಂಡು ಬರ್ತದೆ. ಕಂಟ್ರೋಲ್ ಶಿಫ್ಟ್ ವಿ ಒತ್ತಿ, ಬರೇ ಅಕ್ಷರ ಬರ್ತದೆ, ತಲೆಬರಹವನ್ನು ಅಲ್ಲೇ ಎಡಿಟರಿನಲ್ಲಿ ಕೊಡಿ.

ತಿದ್ದಿ ಸೇವ್ ಮಾಡಿದ್ದೇನೆ, ಹಳೇದೇ ಕಾಣ್ತದೆ

ಕಂಟ್ರೋಲ್ ಎಫ್5 ಒತ್ತಿ, ಬ್ರೌಸರ್ ಕ್ಯಾಶಿನಲ್ಲಿ ಹಳೇದು ಇಟ್ಟುಕೊಂಡಿರ್ತದೆ. ಫೋನಿನಲ್ಲಿ ಮೊಬೈಲ್ ಡೇಟಾ ಹಾಕಿ ನೋಡಿ. ಆಗಲೂ ಹಳೇದೇ ಆದ್ರೆ ನೀವು ತಿದ್ದಿದ ಫೈಲೇ ಬೇರೆ, ಹೆಚ್ಚಾಗಿ ಅದೇ ಹೆಸರಿನ ಇನ್ನೊಂದು ಫೋಲ್ಡರಿನದ್ದು.

ಸರ್ವರಿನಲ್ಲೇ ಫೈಲ್ ತಿದ್ದುವ ವಿಐ ಎಡಿಟರಿನ ಒಳಗೆ ಹೋಗಿಬಿಟ್ಟೆ, ಹೊರಗೆ ಬರುದು ಹೇಗೆ?

ಎಸ್ಕೇಪ್ ಒತ್ತಿ. ಆಮೇಲೆ ಕೋಲನ್, ಸಣ್ಣ ಕ್ಯೂ, ಆಶ್ಚರ್ಯಸೂಚಕ ಚಿಹ್ನೆ, ಎಂಟರ್. ತಿದ್ದಿದ್ದು ಏನೂ ಸೇವ್ ಆಗುದಿಲ್ಲ, ಫೈಲ್ ಮೊದಲಿನ ಹಾಗೇ ಇರ್ತದೆ. ಮುಂದಿನ ಸಲ ನ್ಯಾನೋ ಎಂಬ ಸುಲಭದ ಎಡಿಟರ್ ಬಳಸಿ.

ಮಳೆಗಾಲದಲ್ಲಿ ಅಪ್‌ಲೋಡ್ ಮಾಡ್ತಾ ಇರುವಾಗ ಕರೆಂಟ್ ಹೋಯ್ತು, ಈಗ ಪುಟ ಅರ್ಧವೇ ಕಾಣ್ತದೆ

ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಇದು ಆಗುದೇ, ಸಿಡಿಲು ಬಂದ್ರೆ ಮೋಡೆಮ್ ಕೂಡ ಹೋಗ್ತದೆ. ಅಡ್ಮಿಷನ್ ಕೆಲಸ ಹೆಚ್ಚು ಇರುದೂ ಅದೇ ತಿಂಗಳುಗಳಲ್ಲಿ. ಮಾಡಬೇಕಾದ್ದು ಇಷ್ಟು, ಹೊಸ ಫೈಲನ್ನು ಹಳೇದರ ಮೇಲೆ ನೇರ ಹಾಕ್ಬೇಡಿ. ಬೇರೆ ಹೆಸರಿನಲ್ಲಿ ಅಪ್‌ಲೋಡ್ ಮಾಡಿ, ಪೂರ್ತಿ ಬಂತು ಅಂತ ಸೈಜ್ ನೋಡಿ, ಆಮೇಲೆ ಹಳೇದರ ಹೆಸರು ಬದಲಿಸಿ ಹೊಸದಕ್ಕೆ ಆ ಹೆಸರು ಕೊಡಿ. ಹೆಸರು ಬದಲಿಸುದು ಸರ್ವರಿನ ಒಳಗೇ ಕ್ಷಣದಲ್ಲಿ ಆಗಿಹೋಗ್ತದೆ, ನಡುವೆ ನಿಮ್ಮ ಕರೆಂಟ್ ಹೋದ್ರೂ ಅರ್ಧ ಪುಟ ಯಾರಿಗೂ ಕಾಣುದಿಲ್ಲ. ವಿನ್‌ಎಸ್‌ಸಿಪಿ ದೊಡ್ಡ ಫೈಲುಗಳಿಗೆ ಇದನ್ನು ತಾನಾಗಿಯೇ ಮಾಡ್ತದೆ, ಮುಗಿಯುವವರೆಗೆ ಹೆಸರಿನ ಕೊನೆಗೆ ಫೈಲ್‌ಪಾರ್ಟ್ ಅಂತ ಇಟ್ಟಿರ್ತದೆ.

ತಿದ್ದುವ ಮೊದಲು ಹಳೇ ಫೈಲಿನ ಒಂದು ಕಾಪಿ ತಾರೀಕು ಹಾಕಿ ನಿಮ್ಮ ಕಂಪ್ಯೂಟರಿನಲ್ಲಿ ಇಡಿ, ಸರ್ವರಿನ ಪಬ್ಲಿಕ್ ಫೋಲ್ಡರಿನಲ್ಲಿ ಅಲ್ಲ. ಅಲ್ಲಿ ಇಟ್ರೆ ಗೂಗಲ್ ಆ ಹಳೇದನ್ನೂ ಹುಡುಕಿ ತೋರಿಸ್ತದೆ. ವಾರಕ್ಕೊಮ್ಮೆ ಇಡೀ ಫೋಲ್ಡರ್ ಇಳಿಸಿ ಒಂದು ಹಾರ್ಡ್‌ಡಿಸ್ಕಿನಲ್ಲಿ ಹಾಕಿ ಇಟ್ಟುಕೊಳ್ಳಿ, ಡೇಟಾಬೇಸ್ ಇದ್ರೆ ಅದರ ಡಂಪ್ (ಪೂರ್ತಿ ಕಾಪಿ) ಬೇರೆಯಾಗಿ ತೆಗೀಬೇಕು, ಫೋಲ್ಡರಿನ ಜೊತೆ ಅದು ಬರುದಿಲ್ಲ.

ಹಳೇ ಪುಟಗಳನ್ನು ಡಿಲೀಟ್ ಮಾಡಬಹುದಾ? ಜಾಗ ತಿಂತಾ ಉಂಟು

ದಯವಿಟ್ಟು ಮಾಡ್ಬೇಡಿ. ಬರೇ ಅಕ್ಷರದ ಪುಟ ತಿನ್ನುವ ಜಾಗ ಎಷ್ಟು, ಒಂದು ಫೋಟೋದ ಜಾಗದಲ್ಲಿ ನೂರು ಪುಟ ಕೂರ್ತದೆ. ಮಂಜೇಶ್ವರದ ಗೋವಿಂದ ಪೈಗಳ ಬಗ್ಗೆಯೋ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಬಗ್ಗೆಯೋ ನಿಮ್ಮಲ್ಲಿ ಒಂದು ವಿಚಾರ ಸಂಕಿರಣ ಆಗಿದ್ರೆ, ಯಾರು ಯಾವ ಪ್ರಬಂಧ ಓದಿದ್ರು ಅಂತ ದಾಖಲೆ ಇರುದು ಎಷ್ಟೋ ಸಲ ಆ ಒಂದು ಪುಟದಲ್ಲಿ ಮಾತ್ರ. ಆ ಲಿಂಕನ್ನು ಯಾರೋ ತಮ್ಮ ಥೀಸಿಸ್ಸಿನ ಅಡಿಟಿಪ್ಪಣಿಯಲ್ಲಿ ಕೊಟ್ಟಿರ್ತಾರೆ, ಯಾರೋ ವಿಕಿಪೀಡಿಯದಲ್ಲಿ ಹಾಕಿರ್ತಾರೆ. ನೀವು ತೆಗೆದ ದಿನ ಅವೆಲ್ಲ 404. ಗಡಿನಾಡಿನ ಕನ್ನಡದ ಕೆಲಸ ಹೊರಗಿನವರಿಗೆ ಕಾಣುದೇ ಕಡಿಮೆ, ಇರುವ ಸ್ವಲ್ಪವನ್ನೂ ನಾವೇ ಅಳಿಸಿಬಿಟ್ರೆ ಹೇಗೆ?

ಹಳೇದು ಅಂತ ಒಂದು ಫೋಲ್ಡರ್ ಮಾಡಿ ವರ್ಷದ ಪ್ರಕಾರ ಅಲ್ಲಿಗೆ ಸಾಗಿಸಿ, ಪುಟದ ಮೇಲೆ ಇದು ಹಳೇ ದಾಖಲೆ ಅಂತ ಬರೀರಿ. ಜಾಗ ಬದಲಾಯ್ತು ಅಂತ ಡಾಟ್ ಎಚ್‌ಟಿಆಕ್ಸೆಸ್ ಫೈಲಿನಲ್ಲಿ 301 ರೀಡೈರೆಕ್ಟ್ ಸಾಲು ಹಾಕಿ, ಆಗ ಹಳೇ ಲಿಂಕ್ ಒತ್ತಿದವರು ತಾನಾಗಿ ಹೊಸ ಜಾಗಕ್ಕೆ ಹೋಗ್ತಾರೆ. ಹೊಸ ಡಿಸೈನ್ ಮಾಡಿಸುವಾಗ ಮೊದಲು ಕಾಂಟ್ರ್ಯಾಕ್ಟ್‌ನಲ್ಲಿ ಇದನ್ನೇ ಬರೆಸಿ, ಹಳೇ ಲಿಂಕ್ ಒಂದೂ ಮುರಿಯಬಾರ್ದು ಅಂತ. ಈಗಾಗಲೇ ಹೋಗಿದ್ರೆ ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷಿನ್‌ನಲ್ಲಿ ಹಳೇ ವಿಳಾಸ ಹಾಕಿ ನೋಡಿ, ಒಮ್ಮೊಮ್ಮೆ ಸಿಗ್ತದೆ. ಮುಖ್ಯ ಪುಟಗಳನ್ನು ಈಗಲೇ ಅಲ್ಲಿ ಸೇವ್ ಮಾಡಿಸಿ ಇಡಲಿಕ್ಕೂ ಆಗ್ತದೆ, ದುಡ್ಡು ಇಲ್ಲ.

ಮಾರ್ಕ್ಸ್ ಲಿಸ್ಟ್, ವಿದ್ಯಾರ್ಥಿಗಳ ಫೋನ್ ನಂಬರ್ ಪಟ್ಟಿ ಹಾಕಬಹುದಾ?

ಫೋನ್ ನಂಬರ್, ಆಧಾರ್, ಜಾತಿ, ಮನೆ ವಿಳಾಸ, ಬ್ಯಾಂಕ್ ವಿವರ ಹಾಕ್ಲೇಬೇಡಿ. ಫಲಿತಾಂಶ ಹಾಕಬೇಕಾದ್ರೆ ರಿಜಿಸ್ಟರ್ ನಂಬರ್ ಮಾತ್ರ ಸಾಕು. ವೈಯಕ್ತಿಕ ಡೇಟಾದ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿದೆ. ಕಾಯ್ದೆ ಬಿಡಿ, ಒಂದು ಹುಡುಗಿಯ ನಂಬರ್ ಗೂಗಲಿನಲ್ಲಿ ಸಿಕ್ಕಿದ್ರೆ ಅವಳಿಗೆ ರಾತ್ರಿ ಹೊತ್ತು ಯಾರ‍್ಯಾರ ಫೋನ್ ಬರ್ತದೆ ಅಂತ ಯೋಚನೆ ಮಾಡಿ.

ಎರಡು ಜಾಗದಲ್ಲಿ ತುಂಬ ಜನ ತಪ್ಪುದು ನೋಡಿದ್ದೇನೆ. ಎಕ್ಸೆಲ್ಲಿನಲ್ಲಿ ಕಾಲಂ ಹೈಡ್ ಮಾಡಿ ಅದೇ ಫೈಲ್ ಹಾಕ್ತಾರೆ, ಇಳಿಸಿಕೊಂಡವರು ಅನ್‌ಹೈಡ್ ಮಾಡಿದ್ರೆ ಎಲ್ಲ ಕಾಣ್ತದೆ. ಪಿಡಿಎಫ್‌ನಲ್ಲಿ ನಂಬರಿನ ಮೇಲೆ ಕಪ್ಪು ಪಟ್ಟಿ ಎಳೀತಾರೆ, ಅದರ ಅಡಿಯ ಅಕ್ಷರ ಹಾಗೇ ಇರ್ತದೆ, ಸೆಲೆಕ್ಟ್ ಮಾಡಿ ಕಾಪಿ ಮಾಡಿದ್ರೆ ಬರ್ತದೆ. ಮೊದಲೇ ಆ ಕಾಲಂ ಅಳಿಸಿ, ಆಮೇಲೆ ಪಿಡಿಎಫ್ ಮಾಡಿ. ತಪ್ಪಿ ಹಾಕಿ ಆಗಿದ್ರೆ ಸರ್ವರಿನಿಂದ ತೆಗೆದ ಕೂಡಲೇ ಗೂಗಲ್ ಸರ್ಚ್ ಕನ್ಸೋಲಿನಲ್ಲಿ ರಿಮೂವಲ್ ಕೇಳಿ. ಅದು ಸುಮಾರು 6 ತಿಂಗಳ ಮಟ್ಟಿಗೆ ಮಾತ್ರ ಮರೆ ಮಾಡುದು, ಫೈಲ್ ಸರ್ವರಿನಲ್ಲಿ ಉಳಿದಿದ್ರೆ ಮತ್ತೆ ಬರ್ತದೆ.

ಗೂಗಲಿನಲ್ಲಿ ನಮ್ಮ ವಿಭಾಗದ ಹೆಸರಿನ ಕೆಳಗೆ ಜೂಜಾಟದ, ಜಪಾನೀ ಭಾಷೆಯ ಸಾಲುಗಳು ಬರ್ತವೆ

ಸೈಟ್ ಹ್ಯಾಕ್ ಆಗಿದೆ. ಶಿಕ್ಷಣ ಸಂಸ್ಥೆಗಳ ವಿಳಾಸಕ್ಕೆ ಗೂಗಲಿನಲ್ಲಿ ಒಳ್ಳೇ ಹೆಸರು ಇರುದರಿಂದ ಅದನ್ನೇ ಹುಡುಕಿ ನುಗ್ತಾರೆ. ಹೆಚ್ಚಾಗಿ ಅಪ್‌ಡೇಟ್ ಮಾಡದ ವರ್ಡ್‌ಪ್ರೆಸ್, ಎಲ್ಲಿಂದಲೋ ತಂದ ಥೀಮ್, ಇಲ್ಲದಿದ್ರೆ ಮೇಲೆ ಹೇಳಿದ 777. ನಿಮ್ಮ ಬ್ರೌಸರಿಗೆ ಪುಟ ಸರಿಯಾಗಿಯೇ ಕಾಣಬಹುದು, ಗೂಗಲಿಗೆ ಮಾತ್ರ ಬೇರೆ ತೋರಿಸ್ತಾ ಇರ್ತದೆ, ಹಾಗಾಗಿ ನಮ್ಮಲ್ಲಿ ಸರಿ ಉಂಟು ಅಂತ ಬಿಡ್ಬೇಡಿ. ಆ ಒಂದು ಫೈಲ್ ಅಳಿಸಿದ್ರೆ ಮುಗಿಯುದಿಲ್ಲ, ಬೇರೆಲ್ಲೋ ಇನ್ನೊಂದು ಬಾಗಿಲು ಮಾಡಿ ಇಟ್ಟಿರ್ತಾರೆ. ಅಡ್ಮಿನ್‌ಗೆ ಕೂಡಲೇ ಹೇಳಿ, ಎಲ್ಲ ಪಾಸ್‌ವರ್ಡ್ ಬದಲಿಸಿ, ಹಾಳಾಗುವ ಮೊದಲಿನ ಬ್ಯಾಕಪ್ಪಿನಿಂದ ಪೂರ್ತಿ ಹೊಸತಾಗಿ ಹಾಕಿ, ಹಾಕಿದ ಕೂಡಲೇ ಅಪ್‌ಡೇಟ್ ಮಾಡಿ. ವರ್ಷಕ್ಕೆ ಎರಡು ಸಲ ಬದಲಾಗುವ ಸಣ್ಣ ವಿಭಾಗದ ಪುಟಕ್ಕೆ ವರ್ಡ್‌ಪ್ರೆಸ್ ಬೇಕೇ ಅಂತಲೂ ಯೋಚಿಸಿ. ಬರೇ ಎಚ್‌ಟಿಎಂಎಲ್ ಪುಟಕ್ಕೆ ಹೀಗೆ ನುಗ್ಗುವ ದಾರಿ ತುಂಬ ಕಡಿಮೆ.

ನನಗೆ ಟ್ರಾನ್ಸ್‌ಫರ್ ಆಯ್ತು, ಕೋರ್ಸ್ ಮುಗೀತು. ಯಾರಿಗೆ ಏನು ಕೊಟ್ಟು ಹೋಗಬೇಕು?

ಒಂದು ಪುಟದ ಕಾಗದ ಬರೆದು ವಿಭಾಗದ ಮುಖ್ಯಸ್ಥರಿಗೂ ಮುಂದೆ ನೋಡುವವರಿಗೂ ಕೊಡಿ. ಯಾವ ಫೋಲ್ಡರಿನಲ್ಲಿ ಎಂತ ಉಂಟು, ಬ್ಯಾಕಪ್ ಎಲ್ಲಿ, ಕಂಪ್ಯೂಟರ್ ಸೆಂಟರಿನಲ್ಲಿ ಯಾವ ಸೆಕ್ಷನಿಗೆ ಹೇಳಬೇಕು, ಪ್ರತಿ ವರ್ಷ ಯಾವ ತಿಂಗಳಲ್ಲಿ ಯಾವ ಪುಟ ತಿದ್ದಬೇಕು, ರಿನ್ಯೂ ಮಾಡಬೇಕಾದ್ದು ಏನಾದ್ರೂ ಇದ್ರೆ ಅದರ ತಾರೀಕು. ಪಾಸ್‌ವರ್ಡ್ ಆ ಕಾಗದದಲ್ಲಿ ಬೇಡ, ಹೊಸಬರಿಗೆ ಹೊಸ ಅಕೌಂಟ್ ಆಗಲಿ. ನಿಮ್ಮ ಜೀಮೇಲಿನಲ್ಲಿ ಮಾಡಿದ ಗೂಗಲ್ ಫಾರ್ಮ್, ಯೂಟ್ಯೂಬ್ ಚಾನೆಲ್ ಏನಾದ್ರೂ ಇದ್ರೆ ಹೋಗುವ ಮೊದಲೇ ವಿಭಾಗದ ಮೇಲ್ ಐಡಿಗೆ ಮಾಲೀಕತ್ವ ಬದಲಿಸಿ. ಫೈಲುಗಳು ನಿಮ್ಮ ಹೆಸರಿನಲ್ಲಿದ್ರೆ ಅಡ್ಮಿನ್ ಹತ್ರ ಹೇಳಿ ಹೊಸಬರ ಹೆಸರಿಗೆ ಮಾಡಿಸಿ, ಇಲ್ಲದಿದ್ರೆ ನಿಮ್ಮ ಅಕೌಂಟ್ ಅಳಿಸುವಾಗ ಒಟ್ಟಿಗೆ ಪುಟಗಳೂ ಹೋಗುವ ಸಾಧ್ಯತೆ ಉಂಟು. ಹೊಸಬರನ್ನು ಪಕ್ಕದಲ್ಲಿ ಕೂರಿಸಿ ಅವರ ಕೈಯಿಂದಲೇ ಒಂದು ಪುಟ ತಿದ್ದಿಸಿ ಅಪ್‌ಲೋಡ್ ಮಾಡಿಸಿ. ಅದು ಆದ ಮೇಲೆ ನಿಮ್ಮ ಅಕೌಂಟ್ ಬಂದ್ ಮಾಡಿ ಅಂತ ಸೆಂಟರಿಗೆ ನೀವೇ ಒಂದು ಮೇಲ್ ಹಾಕಿ.